ಒಲೆ ಒಂದೇ, ತಟ್ಟೆ ಬೇರೆ ಬೇರೆ

ಐಮಂಗಲದ ಕಡೆ ‘ಇವತ್ತು ಏನಡುಗೆ’ ಅಂತ ಕೇಳುವವರು ಕಡಿಮೆ. ‘ಏನ್ ಸಾರು?’ ಅಂತಲೇ ಕೇಳುತ್ತಾರೆ. ಮುದ್ದೆ ಹೇಗೂ ಇರುತ್ತದೆ, ಅದರ ಬಗ್ಗೆ ಚರ್ಚೆ ಇಲ್ಲ. ತೀರ್ಮಾನ ಆಗಬೇಕಾದದ್ದು ಸಾರಿನದೊಂದೇ. ಬಸ್ಸಾರೋ, ಉಪ್ಸಾರೋ, ಹುರುಳಿಕಟ್ಟಿನ ಸಾರೋ, ಅವರೆ ಕಾಲವಾದರೆ ಹಿತಕಿದ ಬೇಳೆಯೋ, ನೆಂಟರು ಬಂದಿದ್ದರೆ ಕೋಳಿಯೋ. ಈ ತೀರ್ಮಾನ ಮಾಡುವವಳು ಮನೆಯ ಹೆಂಗಸು. ಹಿತ್ತಲಲ್ಲಿ ಯಾವ ಸೊಪ್ಪು ಬಲಿಯುತ್ತಿದೆ, ಬುಟ್ಟಿಯಲ್ಲಿ ಯಾವ ಬದನೆಕಾಯಿ ಬಾಡುತ್ತಿದೆ, ಅತ್ತೆಯ ಹಲ್ಲಿಗೆ ಕಾಳು ಆಗುತ್ತದೋ ಇಲ್ಲವೋ, ಮಗನಿಗೆ ನೆಗಡಿ ಇದೆಯೋ, ಇವತ್ತು ಸೋಮವಾರವೋ, ಮಿಕ್ಸಿ ತಿರುಗಿಸಲು ಕರೆಂಟು ಇದೆಯೋ, ಇಷ್ಟನ್ನೂ ತಲೆಯಲ್ಲಿ ಇಟ್ಟುಕೊಂಡು ಒಲೆ ಹಚ್ಚುವುದರೊಳಗೆ ಆಕೆ ನಿರ್ಧರಿಸಿರುತ್ತಾಳೆ. ಇದೊಂದು ದೊಡ್ಡ ಲೆಕ್ಕ ಅಂತ ಆಕೆಗೆ ಯಾರೂ ಹೇಳಿಲ್ಲ, ಆಕೆಯೂ ಅಂದುಕೊಂಡಿಲ್ಲ.

ಈ ಲೆಕ್ಕವನ್ನು ಫೋನಿಗೆ ಕಲಿಸಲು ಹೊರಟಿರುವವಳು ನಮ್ಮ ಅಕ್ಕನ ಮಗಳು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. ಅವಳೂ ಅವಳ ಗೆಳೆಯರೂ ಸೇರಿ, ಒಬ್ಬೊಬ್ಬರ ಮೈಗೆ, ಕಾಯಿಲೆಗೆ, ರುಚಿಗೆ ತಕ್ಕಂತೆ ವಾರದ ಊಟ ಹೇಳುವ ಆ್ಯಪ್ ಕಟ್ಟಬೇಕು ಅಂತ ಇದ್ದಾರೆ. ಒಳಗೆ ಎಐ, ಅಂದರೆ ಕೃತಕ ಬುದ್ಧಿಮತ್ತೆ, ಕೂತಿರುತ್ತದಂತೆ. ಹಬ್ಬಕ್ಕೆ ಊರಿಗೆ ಬಂದಾಗ, ‘ಮಾವ, ನೀವು ಊರಿನ ಊಟ ಬಲ್ಲೋರು. ನಮ್ಮ ಕಡೆ ಜನ ಏನು ಉಣ್ತಾರೆ, ಹೆಂಗೆ ಉಣ್ತಾರೆ ಒಂದಷ್ಟು ಹೇಳಿ’ ಅಂದಳು. ಕೇಳಿದ್ದು ನನ್ನನ್ನು, ಆದರೆ ಉತ್ತರ ಹೆಚ್ಚಾಗಿ ಬಂದದ್ದು ಅಡುಗೆಮನೆಯಿಂದ. ಆವತ್ತು ಶುರುವಾದ ಮಾತು ಇನ್ನೂ ಮುಗಿದಿಲ್ಲ. ಫೋನಿನಲ್ಲಿ ಮುಂದುವರಿಯುತ್ತಲೇ ಇದೆ. ಆ ಮಾತುಗಳಲ್ಲಿ ಒಂದಷ್ಟನ್ನು ಇಲ್ಲಿ ಹರವುತ್ತೇನೆ.

ಮೊದಲು ಊರಿನ ಪರಿಚಯ ಆಗಲಿ. ಬೆಂಗಳೂರಿನಿಂದ ಪುಣೆಯ ಕಡೆ ಹೋಗುವ 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಹಿರಿಯೂರು ದಾಟಿ ಚಿತ್ರದುರ್ಗ ಸೇರುವ ಮೊದಲು ಐಮಂಗಲ ಸಿಗುತ್ತದೆ. ಹಿರಿಯೂರು ತಾಲ್ಲೂಕಿನ ಹೋಬಳಿ. ಮಳೆ ಕಡಿಮೆ, ಬಿಸಿಲು ಧಾರಾಳ. ರಾಗಿ, ಶೇಂಗಾ, ಜೋಳ, ಸಜ್ಜೆ, ಈರುಳ್ಳಿ, ಹೀಗೆ ಮಳೆ ನೋಡಿಕೊಂಡು ಬೆಳೆ. ಊರಿಗೆ ಹೊಂದಿಕೊಂಡು ಪೊಲೀಸ್ ತರಬೇತಿ ಶಾಲೆ ಇದೆ. ಅಲ್ಲಿ ಓಟ, ಕವಾಯತು ಅಂತ ದಿನವಿಡೀ ಬೆವರು ಹರಿಸುವ ಹುಡುಗನಿಗೂ ಹೆದ್ದಾರಿ ಪಕ್ಕದ ಅಂಗಡಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಕೂತೇ ಇರುವ ಯಜಮಾನನಿಗೂ ಒಂದೇ ಊಟ ಸಲ್ಲದು ಅನ್ನುವುದು ಯಾರಿಗಾದರೂ ಗೊತ್ತಾಗುವ ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಕೂತು ಕೆಲಸ ಮಾಡುವ ಗಂಡಸಿಗೆ ದಿನಕ್ಕೆ 2,110 ಕಿಲೋ ಕ್ಯಾಲೊರಿ ಸಾಕು, ಮೈಮುರಿದು ದುಡಿಯುವವನಿಗೆ 3,470 ಬೇಕು. ಹೆಂಗಸರಲ್ಲಿ ಕೂತು ಕೆಲಸ ಮಾಡುವವಳಿಗೆ 1,660, ಮೈಮುರಿದು ದುಡಿಯುವವಳಿಗೆ 2,720. ಮೈಮುರಿದು ದುಡಿಯುವ ಹೆಂಗಸಿಗೆ ಅಂಗಡಿಯಲ್ಲಿ ಕೂತ ಗಂಡಸಿಗಿಂತ ಹೆಚ್ಚು ಊಟ ಬೇಕು ಅಂತ ಆ ಪಟ್ಟಿಯೇ ಹೇಳುತ್ತದೆ. ನಮ್ಮ ಮನೆಗಳಲ್ಲಿ ಬಡಿಸುವ ಕ್ರಮ ಇದಕ್ಕೆ ತಿರುಗಾ ಇದೆ. ಗಂಡಸರು ಮೊದಲು, ಮಕ್ಕಳು ಆಮೇಲೆ, ಮಡಕೆಯ ತಳದಲ್ಲಿ ಉಳಿದದ್ದು ಹೆಂಗಸರಿಗೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧ ಮಂದಿಗೆ ರಕ್ತಹೀನತೆ ಕಂಡಿತ್ತು. ಮಡಕೆಯ ತಳಕ್ಕೂ ಈ ಅಂಕಿಗೂ ಸಂಬಂಧ ಇದೆ ಅಂತ ನಾನು ನಂಬುತ್ತೇನೆ.

ಊಟದ ಯೋಜನೆಯನ್ನು ಯಂತ್ರಕ್ಕೆ ಒಪ್ಪಿಸುವ ಆಸೆ ಹೊಸದಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1945ರಲ್ಲಿ ಒಂದು ಪ್ರಶ್ನೆ ಹಾಕಿಕೊಂಡರು. ಒಬ್ಬ ಗಂಡಸು ಒಂದು ವರ್ಷ ಆರೋಗ್ಯವಾಗಿ ಬದುಕಲು ಅತಿ ಕಡಿಮೆ ಖರ್ಚಿನ ಊಟ ಯಾವುದು? 77 ಆಹಾರ ಪದಾರ್ಥ, 9 ಪೋಷಕಾಂಶ ಇಟ್ಟುಕೊಂಡು ಕೈಯಲ್ಲೇ ಲೆಕ್ಕ ಹಾಕಿ, 1939ರ ಬೆಲೆಯಲ್ಲಿ ವರ್ಷಕ್ಕೆ 39.93 ಡಾಲರ್ ಅಂದರು. ಗೋಧಿಹಿಟ್ಟು, ಡಬ್ಬಿಯ ಗಟ್ಟಿ ಹಾಲು, ಎಲೆಕೋಸು, ಪಾಲಕ್, ಹುರುಳಿಕಾಯಿ (ಬೀನ್ಸ್) ಜಾತಿಯ ಒಂದು ಒಣ ಕಾಳು, ಇಷ್ಟೇ ಪಟ್ಟಿ. ಎರಡು ವರ್ಷದ ನಂತರ ಜಾರ್ಜ್ ಡಾಂಟ್ಸಿಗ್ ಎಂಬ ಗಣಿತಜ್ಞರು ಇಂಥ ಸಮಸ್ಯೆಗಳನ್ನು ಬಿಡಿಸುವ ಸಿಂಪ್ಲೆಕ್ಸ್ ವಿಧಾನ ಕಂಡುಹಿಡಿದರು. ಅದನ್ನು ಪರೀಕ್ಷಿಸಲು ಇದೇ ಊಟದ ಲೆಕ್ಕವನ್ನು ತೆಗೆದುಕೊಂಡರು. ಒಂಬತ್ತು ಗುಮಾಸ್ತರು ಮೇಜಿನ ಮೇಲಿನ ಲೆಕ್ಕದ ಯಂತ್ರಗಳ ಮುಂದೆ ಕೂತು, ಒಟ್ಟು 120 ಆಳುದಿನ ದುಡಿದು ತಂದ ಉತ್ತರ 39.69 ಡಾಲರ್. ಸ್ಟಿಗ್ಲರ್ ಕೈಲೆಕ್ಕಕ್ಕೂ ಇದಕ್ಕೂ ವ್ಯತ್ಯಾಸ 24 ಸೆಂಟು. ಗಣಿತದ ಚರಿತ್ರೆಯಲ್ಲಿ ಇದು ದೊಡ್ಡ ದಿನ. ಆದರೆ ಆ ಐದು ಪದಾರ್ಥವನ್ನು ವರ್ಷವಿಡೀ ಯಾರು ಉಣ್ಣುತ್ತಾರೆ?

ಡಾಂಟ್ಸಿಗ್ ಅವರ ಕಥೆ ಅಲ್ಲಿಗೆ ನಿಲ್ಲಲಿಲ್ಲ. 1950ರ ದಶಕದ ಆರಂಭದಲ್ಲಿ ತೂಕ ಇಳಿಸಬೇಕು ಅಂತ ವೈದ್ಯರು ಹೇಳಿದಾಗ ಅವರು ತಮ್ಮ ಊಟದ ಯೋಜನೆಯನ್ನು ಕಂಪ್ಯೂಟರಿಗೇ ಕೊಟ್ಟರು. ಏನು ಬಂದರೂ ಅದನ್ನೇ ತಿನ್ನುತ್ತೇನೆ ಅಂತ ಹೆಂಡತಿ ಆ್ಯನ್ ಅವರಿಗೆ ಹೇಳಿಯೂ ಇದ್ದರು. ಹೊಟ್ಟೆ ತುಂಬಿದಂತೆ ಅನ್ನಿಸಬೇಕು, ಕ್ಯಾಲೊರಿ ಮಿತಿಯಲ್ಲಿರಬೇಕು ಎಂಬುದು ಲೆಕ್ಕದ ಗುರಿ. ಹೊಟ್ಟೆ ತುಂಬುವುದನ್ನು ಅಳೆಯಲು ಪದಾರ್ಥದ ತೂಕದಿಂದ ನೀರಿನ ತೂಕ ಕಳೆದರು. ಕಂಪ್ಯೂಟರು ಮೊದಲ ದಿನ ಹೇಳಿದ್ದು 500 ಗ್ಯಾಲನ್ ವಿನೆಗರ್ ಕುಡಿಯಿರಿ ಅಂತ. ಪಟ್ಟಿಯಲ್ಲಿ ವಿನೆಗರಿಗೆ ನೀರಿನಂಶ ಸೊನ್ನೆ ಅಂತ ನಮೂದಾಗಿತ್ತು. ವಿನೆಗರ್ ತೆಗೆದುಹಾಕಿದ ಮೇಲೆ, ಸೂಪಿಗೆ ಹಾಕುವ ಉಪ್ಪಿನ ಬಿಲ್ಲೆ ದಿನಕ್ಕೆ 200 ಅಂತ ಬಂತು. ಕೆಲವೇ ಬಿಲ್ಲೆಗಳನ್ನು ಬಿಸಿನೀರಿಗೆ ಹಾಕಿ ಬಾಯಿಗಿಟ್ಟು ಉಗಿದರಂತೆ. ಉಪ್ಪಿಗೆ ಮೇಲಿನ ಮಿತಿ ಹಾಕಬೇಕು ಅಂತ ಆಗ ಯಾರಿಗೂ ಹೊಳೆದಿರಲಿಲ್ಲ. ಅದಕ್ಕೆ ಮಿತಿ ಹಾಕಿದರೆ ಗೋಧಿ ತೌಡು, ತೌಡಿಗೆ ಮಿತಿ ಹಾಕಿದರೆ ಕಾಕಂಬಿ. ಕೊನೆಗೆ ಆ್ಯನ್ ಅವರೇ ಊಟದ ಕ್ರಮ ಹಾಕಿಕೊಟ್ಟರು, ಡಾಂಟ್ಸಿಗ್ ಅವರ ತೂಕವೂ ಇಳಿಯಿತು. ಇದನ್ನೆಲ್ಲ ಅವರೇ 1990ರಲ್ಲಿ ಬರೆದಿದ್ದಾರೆ.

ಅಕ್ಕನ ಮಗಳಿಗೆ ಈ ಕಥೆ ಹೇಳಿದಾಗ ಅವಳು ನಕ್ಕಳು, ಆಮೇಲೆ ಸುಮ್ಮನಾದಳು. ‘ಈಗಲೂ ಅಷ್ಟೇ ಮಾವ. ನಾವು ಏನು ಅಳೀರಿ ಅಂತೀವೋ ಅದನ್ನ ಅಳೆಯುತ್ತೆ. ಹೇಳದೇ ಇರೋದು ಅದಕ್ಕೆ ತಿಳಿಯಲ್ಲ’ ಅಂದಳು. ಹಾಗಾದರೆ ಐಮಂಗಲದ ಮನೆಯ ಬಗ್ಗೆ ಏನೇನು ಹೇಳಬೇಕು? ನಮ್ಮ ಮಾತಿನ ಮುಕ್ಕಾಲು ಪಾಲು ಇದೇ.

ಮೊದಲನೆಯದು ಪದಾರ್ಥಗಳ ಪಟ್ಟಿ. ಈ ವಿಷಯದಲ್ಲಿ ನಮ್ಮ ದೇಶ ಬಡದೇಶವಲ್ಲ. ರಾಬರ್ಟ್ ಮೆಕ್‌ಕ್ಯಾರಿಸನ್ 1918ರಲ್ಲಿ ಕೂನೂರಿನಲ್ಲಿ ಆರಂಭಿಸಿದ ಸಣ್ಣ ಪ್ರಯೋಗಾಲಯ ಬೆಳೆದು, 1958ರಲ್ಲಿ ಹೈದರಾಬಾದಿಗೆ ಬಂದು, ಇವತ್ತಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ. ಕೂನೂರಿನಲ್ಲಿದ್ದಾಗಲೇ ಡಬ್ಲ್ಯು. ಆರ್. ಅಯ್ಕ್ರಾಯ್ಡ್ ಅವರು ಭಾರತದ ಆಹಾರಗಳ ಪೋಷಕಾಂಶ ಮತ್ತು ತೃಪ್ತಿಕರ ಊಟದ ಯೋಜನೆ ಕುರಿತು 1937ರಲ್ಲಿ ಒಂದು ಪುಸ್ತಿಕೆ ಹೊರತಂದಿದ್ದರು. ಈಗಿನ ಆಹಾರ ಸಂಯೋಜನೆಯ ಕೋಷ್ಟಕ 2017ರದು, ದೇಶದ ಆರು ವಲಯಗಳಿಂದ ಮಾದರಿ ತಂದು ಪರೀಕ್ಷಿಸಿದ 528 ಪದಾರ್ಥಗಳು ಅದರಲ್ಲಿವೆ. 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಸುಣ್ಣದಂಶ. ಅಷ್ಟೇ ಪಾಲಿಶ್ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. ದೊಡ್ಡವರಿಗೆ ದಿನಕ್ಕೆ 1,000 ಮಿಲಿಗ್ರಾಂ ಬೇಕು ಅನ್ನುವಾಗ ನಮ್ಮ ಹಿರಿಯರ ಮುದ್ದೆಯ ಬೆಲೆ ತಿಳಿಯುತ್ತದೆ.

ಆದರೆ ಈ ಕೋಷ್ಟಕ ಹಸಿ ಪದಾರ್ಥದ್ದು. ಉಣ್ಣುವುದು ಬೇಯಿಸಿದ್ದನ್ನು. ಬಸ್ಸಾರನ್ನೇ ತೆಗೆದುಕೊಳ್ಳಿ. ಕಾಳು, ಸೊಪ್ಪು ಬೇಯಿಸಿ, ನೀರು ಬಸಿದು, ಆ ಕಟ್ಟಿನಲ್ಲಿ ಸಾರು ಮಾಡುತ್ತಾರೆ, ಉಳಿದದ್ದಕ್ಕೆ ಒಗ್ಗರಣೆ ಹಾಕಿ ಪಲ್ಯ ಮಾಡುತ್ತಾರೆ. ಸೊಪ್ಪಿನ ಸತ್ವ ಎಷ್ಟು ಪಲ್ಯದಲ್ಲಿ ಉಳಿಯಿತು, ಎಷ್ಟು ಕಟ್ಟಿಗೆ ಹೋಯಿತು? ಎರಡನ್ನೂ ಉಂಡವನಿಗೆ ನಷ್ಟವಿಲ್ಲ. ಪಲ್ಯ ಬಿಟ್ಟು ಸಾರು ಮಾತ್ರ ಸುರಿದುಕೊಂಡವನ ಲೆಕ್ಕವೇ ಬೇರೆ. ಮಳೆ ಬಿದ್ದ ಮೇಲೆ ಹೊಲದ ಬದುವಿನಿಂದ ಬರುವ ಬೆರಕೆ ಸೊಪ್ಪಿನ ಕಥೆ ಇನ್ನೂ ಕಷ್ಟ. ಅಣ್ಣೆ, ಹೊನಗನ್ನೆ, ಗೋಣಿ, ಕಿರಕಸಾಲೆ, ದಂಟು, ಅವತ್ತು ಮಡಿಲಿಗೆ ಏನು ಬಿತ್ತೋ ಅದು. ‘ಇದಕ್ಕೆ ಯಾವ ಹೆಸರು ಕೊಡೋದು ಮಾವ?’ ಅಂತ ಅವಳು ಕೇಳಿದಳು. ಬೆರಕೆ ಸೊಪ್ಪು ಅಂತಲೇ ಕೊಡಮ್ಮ ಅಂದೆ. ಯಂತ್ರಕ್ಕೆ ಖಚಿತ ಅಳತೆ ಸಿಗದಿದ್ದರೂ ಪರವಾಗಿಲ್ಲ. ವಾರದಲ್ಲಿ ಎರಡು ಸಲ ಬೆರಕೆ ಸೊಪ್ಪು ಉಣ್ಣುವ ಮನೆಯನ್ನು ಅದು ‘ಇವರು ತರಕಾರಿ ತಿನ್ನುವುದಿಲ್ಲ’ ಅಂತ ತಪ್ಪಾಗಿ ಬರೆದುಕೊಳ್ಳಬಾರದು, ಅಷ್ಟೇ.

ಫೋಟೊ ತೆಗೆದರೆ ಊಟ ಗುರುತಿಸುವ ಆ್ಯಪ್‌ಗಳೂ ಬಂದಿವೆ. ಇಡ್ಲಿ, ದೋಸೆ, ಚಪಾತಿಗೆ ಆ ಉಪಾಯ ಚೆನ್ನ, ಎಣಿಸಬಹುದು. ಮುದ್ದೆಯನ್ನು ಸಾರಿನಲ್ಲಿ ಮುಳುಗಿಸಿ ಕೂತಾಗ ಕ್ಯಾಮೆರಾ ಏನು ಮಾಡುತ್ತದೆ? ಸಾರಿನೊಳಗೆ ಎಷ್ಟು ಕಾಳಿದೆ, ಎಷ್ಟು ನೀರಿದೆ ಅನ್ನುವುದು ಮೇಲಿನಿಂದ ಕಾಣದು. ಮುದ್ದೆಯ ಗಾತ್ರವೂ ಮನೆಯಿಂದ ಮನೆಗೆ ಬೇರೆ. ಅದಕ್ಕೆ ಬಾಯಿಮಾತೇ ಒಳ್ಳೆಯದು. ‘ಒಂದು ಮುದ್ದೆ, ಎರಡು ಸೌಟು ಹುರುಳಿಸಾರು, ಒಂದು ಈರುಳ್ಳಿ’ ಅಂತ ನಮ್ಮ ಕಡೆಯ ಕನ್ನಡದಲ್ಲೇ ಹೇಳಿದರೆ ಬರೆದುಕೊಳ್ಳುವಂತಿರಬೇಕು. ಆ ಮನೆಯ ಸೌಟು ಎಷ್ಟು ದೊಡ್ಡದು ಅಂತ ಒಂದೇ ಸಲ ಕೇಳಿ ನೆನಪಿಟ್ಟುಕೊಳ್ಳಬೇಕು. ಭಾರತೀಯ ಭಾಷೆಗಳಲ್ಲಿ ಮಾತು ಗುರುತಿಸುವ ಕೆಲಸಕ್ಕೆ ಸರ್ಕಾರದ ಭಾಷಿಣಿ ಯೋಜನೆ, ಐಐಟಿ ಮದ್ರಾಸಿನ ಎಐ4ಭಾರತ್ ತಂಡ ಈಗಾಗಲೇ ದಾರಿ ಮಾಡಿವೆ. ಓದಲು ಬಾರದ ಅಜ್ಜಿಯೂ ಮಾತಾಡಬಲ್ಲ ಆ್ಯಪ್ ಮಾಡುವುದು ಇವತ್ತು ಆಗದ ಮಾತಲ್ಲ.

ಇದೇ ಹಾದಿಯಲ್ಲಿ ನಮ್ಮ ರಾಜ್ಯದಲ್ಲೇ ಒಂದು ದೊಡ್ಡ ಪ್ರಯತ್ನ ಆಗಿದೆ. 2011ರಲ್ಲಿ ತುಷಾರ್ ವಶಿಷ್ಠ್ ಮತ್ತು ಮ್ಯಾಥ್ಯೂ ಚೆರಿಯನ್ ಎಂಬ ಇಬ್ಬರು ಯುವಕರು, ವಿದೇಶದಿಂದ ಬಂದು ಬೆಂಗಳೂರಿನಲ್ಲಿ ಆಧಾರ್ ಯೋಜನೆಯ ಕೆಲಸದಲ್ಲಿದ್ದವರು, ಸಾಮಾನ್ಯ ಭಾರತೀಯನ ಆದಾಯದಲ್ಲಿ ಬದುಕಿ ನೋಡೋಣ ಅಂತ ದಿನಕ್ಕೆ 100 ರೂಪಾಯಿಯಲ್ಲಿ ತಿಂಗಳು ಕಳೆದರು. ಆಮೇಲೆ ಯೋಜನಾ ಆಯೋಗದ ಬಡತನ ರೇಖೆಯ ಲೆಕ್ಕಕ್ಕೂ ಇಳಿದು ಬದುಕಿದರು. ದಿನದ ಹೆಚ್ಚಿನ ಹೊತ್ತು ಊಟದ ಯೋಚನೆಯಲ್ಲೇ ಹೋಗುತ್ತಿತ್ತು ಅಂತ ಅವರ ಅನುಭವ. ಮುಂದೆ 2012ರಲ್ಲಿ ಬೆಂಗಳೂರಿನಲ್ಲಿ ಹೆಲ್ದಿಫೈಮಿ ಹುಟ್ಟಿದಾಗ ಅದನ್ನು ಕಟ್ಟಿದವರಲ್ಲಿ ವಶಿಷ್ಠ್ ಮುಖ್ಯರು. 2017ರಲ್ಲಿ ಅವರು ರಿಯಾ ಎಂಬ ಎಐ ಪೋಷಣಾ ಸಲಹೆಗಾರ್ತಿಯನ್ನು ತಂದರು. ಪಿಜ್ಜಾ, ಬರ್ಗರುಗಳ ಲೆಕ್ಕ ಮಾತ್ರ ಬಲ್ಲ ಆ್ಯಪ್‌ಗಳ ನಡುವೆ ಭಾರತದ ಅಡುಗೆಯನ್ನು ಲೆಕ್ಕಕ್ಕೆ ತಂದದ್ದು ಸಣ್ಣ ಕೆಲಸವಲ್ಲ. ನನಗೆ ಅದರಲ್ಲಿ ಹೆಚ್ಚು ಹಿಡಿಸಿದ್ದು ಮೊದಲ ಹೆಜ್ಜೆ. ಹಣದ ಚೀಲ ಹೊರಗಿಟ್ಟು, ಇಷ್ಟರಲ್ಲೇ ಊಟ ಆಗಬೇಕು ಅಂತ ಕೂತು ನೋಡಿದ್ದು. ಐಮಂಗಲಕ್ಕೆ ಆ್ಯಪ್ ಮಾಡುವವರೂ ಅಲ್ಲಿಂದಲೇ ಹೊರಡಬೇಕು. ಬೆಳಗ್ಗೆ ಓಟ್ಸು, ಮಧ್ಯಾಹ್ನ ಬ್ರೊಕೋಲಿ, ರಾತ್ರಿ ಪನ್ನೀರು ಅಂತ ಪಟ್ಟಿ ಕೊಟ್ಟರೆ ನಮ್ಮಲ್ಲಿ ಅದನ್ನು ಎರಡನೇ ದಿನ ಯಾರೂ ತೆರೆಯುವುದಿಲ್ಲ. ಪಡಿತರದ ಅಕ್ಕಿ, ಮನೆಯ ರಾಗಿ, ಮೂಟೆಯಲ್ಲಿರುವ ಶೇಂಗಾ, ಡಬ್ಬದ ಹುರುಳಿ, ಹಿತ್ತಲ ನುಗ್ಗೆ, ಇವುಗಳಿಂದ ಶುರುಮಾಡಿದರೆ ತೆರೆಯುತ್ತಾರೆ.

ಹಾಗಂತ ನಮ್ಮ ಊಟದಲ್ಲಿ ಕೊರತೆ ಇಲ್ಲವೆಂದಲ್ಲ. 2024ರಲ್ಲಿ ಪರಿಷ್ಕರಿಸಿದ ಭಾರತೀಯರ ಆಹಾರ ಮಾರ್ಗಸೂಚಿಯಲ್ಲಿ 17 ಸೂತ್ರಗಳಿವೆ. ದಿನದ ಶಕ್ತಿಯಲ್ಲಿ ಧಾನ್ಯದ ಪಾಲು ನೂರಕ್ಕೆ 45ನ್ನು ಮೀರಬಾರದು ಅಂತ ಅದರ ಮಾತು. ದೊಡ್ಡ ಮುದ್ದೆ, ಅದರ ಹಿಂದೆ ಅನ್ನ, ತೆಳ್ಳನೆ ಸಾರು, ಇದು ನಮ್ಮ ಎಷ್ಟೋ ಮನೆಗಳ ಊಟ. ಅಲ್ಲಿ ಧಾನ್ಯದ ಪಾಲು ಬಹಳ ಮೇಲಿದೆ. ‘ರಾಗಿ ಉಂಡರೆ ಸಕ್ಕರೆ ಕಾಯಿಲೆ ಹತ್ತಿರ ಬರಲ್ಲ’ ಅಂತ ನಂಬಿ ಎರಡು ಮುದ್ದೆ ಇಳಿಸುವವರಿದ್ದಾರೆ. ನುಣ್ಣಗೆ ಬೀಸಿದ ಹಿಟ್ಟು ಯಾವುದಾದರೂ ಬೇಗ ಕರಗಿ ರಕ್ತಕ್ಕೆ ಸೇರುತ್ತದೆ, ರಾಗಿಯೂ ಅದಕ್ಕೆ ಹೊರತಲ್ಲ. ಮುದ್ದೆ ಸಣ್ಣದಾಗಬೇಕು, ಸಾರಿನಲ್ಲಿ ಕಾಳು ಗಟ್ಟಿಯಾಗಬೇಕು, ಪಕ್ಕದಲ್ಲಿ ಸೊಪ್ಪಿನ ಪಲ್ಯ ಬೆಳೆಯಬೇಕು. ಆ್ಯಪ್ ಇಷ್ಟನ್ನು ಮೃದುವಾಗಿ, ದಿನಕ್ಕೊಂದು ಮಾತಿನಂತೆ ಹೇಳಿಕೊಟ್ಟರೆ ಸಾಕು. ಊಟವಾದ ಕೂಡಲೇ ಟೀ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ, ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿದರೆ ಹೆಚ್ಚಾಗುತ್ತದೆ. ಇಂಥ ಬುದ್ಧಿಮಾತಿಗೆ ಒಂದು ರೂಪಾಯಿಯೂ ಹೆಚ್ಚು ಖರ್ಚಿಲ್ಲ.

ಸಿರಿಧಾನ್ಯದ ಮಾತು ಬಾರದೆ ಚಿತ್ರದುರ್ಗ ಜಿಲ್ಲೆಯ ಊಟದ ಹರಟೆ ಮುಗಿಯದು. ಹೊಸದುರ್ಗದ ಕಡೆ ಸಾವೆ ಹೆಸರುವಾಸಿ. ನವಣೆ, ಸಾವೆ, ಹಾರಕ, ಬರಗು, ಊದಲು, ಕೊರಲೆ, ಇವೆಲ್ಲ ಒಂದು ಕಾಲಕ್ಕೆ ಬಡವರ ಅನ್ನ. ನೆಲ್ಲಕ್ಕಿ ಅನ್ನ ಹಬ್ಬಕ್ಕೆ. ಅಕ್ಕಿ ಅಗ್ಗವಾದಂತೆ, ಬೀಸುವ ಕುಟ್ಟುವ ಕೆಲಸ ಯಾರಿಗೂ ಬೇಡವಾದಂತೆ ಇವು ಹೊಲದಿಂದಲೇ ಸರಿದವು. ಈಗ ಮತ್ತೆ ಬೆಲೆ ಬಂದಿದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂದಿತು. ಇವುಗಳನ್ನೇ ಊಟವಾಗಿ ಪ್ರಚಾರ ಮಾಡುತ್ತ ಬಂದ ಮೈಸೂರಿನ ಖಾದರ್ ವಲಿ ಅವರಿಗೆ ಅದೇ ವರ್ಷ ಪದ್ಮಶ್ರೀ ಬಂತು. ಬೆಳೆಯುವ ರೈತರಿಗೆ ರಾಜ್ಯ ಸರ್ಕಾರ ರೈತಸಿರಿ ಯೋಜನೆಯಲ್ಲಿ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಕೊಟ್ಟಿತು. ಆದರೆ ಹೊಸದುರ್ಗದಲ್ಲಿ ಬೆಳೆದ ಸಾವೆ ಬೆಂಗಳೂರಿನ ಅಂಗಡಿಯ ಚಂದದ ಪೊಟ್ಟಣ ಸೇರಿ, ಬೆಳೆದವರ ಮನೆಯಲ್ಲಿ ಪಡಿತರದ ಅಕ್ಕಿ ಬೇಯುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಒಂದು ಒಳ್ಳೆಯ ಆ್ಯಪ್ ‘ನಿಮ್ಮ ಕಣಜದಲ್ಲಿರುವ ಸಾವೆಯಲ್ಲಿ ಎರಡು ಸೇರು ಮನೆಗೆ ಇಟ್ಟುಕೊಳ್ಳಿ, ವಾರಕ್ಕೆ ಎರಡು ಸಲ ಹೀಗೆ ಮಾಡಿ’ ಅಂತ ಹೇಳಬೇಕು.

ನೆಲ ಬದಲಾಗುವುದೂ ಅದಕ್ಕೆ ಗೊತ್ತಾಗಬೇಕು. ವೇದಾವತಿಗೆ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಮುಗಿದ ಅಣೆಕಟ್ಟು. 1933ರ ನಂತರ ಅದು ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷ ಕಳೆದ ಮೇಲೆ. ನೀರು ಬಂದ ಕಡೆ ತೆಂಗು, ಅಡಿಕೆ ಏಳುತ್ತವೆ. ಅದು ರೈತನ ಒಳ್ಳೆಯದಕ್ಕೇ. ಆದರೆ ಅಡಿಕೆ ತೋಟದ ಬದುವಿನಲ್ಲಿ ಅಲಸಂದೆ, ಅವರೆ, ಹುಚ್ಚೆಳ್ಳು ಉಳಿಯುವುದಿಲ್ಲ. ರಾಗಿ ಹೊಲದ ನಡುವೆ ಅಕ್ಕಡಿ ಸಾಲಿನಲ್ಲಿ ತಾನಾಗಿ ಸಿಗುತ್ತಿದ್ದ ಕಾಳು ಈಗ ಅಂಗಡಿಯಿಂದ ಬರಬೇಕು. ಕೈಗೆ ಹಣ ಹೆಚ್ಚಿ ತಟ್ಟೆಯಲ್ಲಿ ಕಾಳು ಕಡಿಮೆಯಾಗುವುದು ಹೀಗೆ. ಕುಡಿಯುವ ನೀರಿನದೂ ಇಂಥದೇ ಸಮಾಚಾರ. ಜಿಲ್ಲೆಯ ಎಷ್ಟೋ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಬಾರದು ಅಂತ ನಿಯಮ. ಅಂಥ ಊರಿನಲ್ಲಿ ಸುಣ್ಣದಂಶ, ಸಿ ಜೀವಸತ್ವ ಚೆನ್ನಾಗಿರುವ ಊಟ ಬೇಕು ಅಂತ ವೈದ್ಯರು ಹೇಳುತ್ತಾರೆ. ಊಟದ ಆ್ಯಪ್‌ಗಳು ವಯಸ್ಸು ಕೇಳುತ್ತವೆ, ತೂಕ ಕೇಳುತ್ತವೆ. ‘ನಿಮ್ಮ ಮನೆಗೆ ನೀರು ಎಲ್ಲಿಂದ?’ ಅಂತಲೂ ಕೇಳಬೇಕು.

ಈಗ ನನ್ನ ಮುಖ್ಯ ಮಾತು. ಒಬ್ಬೊಬ್ಬರಿಗೆ ಒಂದೊಂದು ಊಟ ಬೇಕು ಅನ್ನುವುದು ವಿಜ್ಞಾನ ಒಪ್ಪಿದ ಸಂಗತಿ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2015ರಲ್ಲಿ 800 ಜನರ ರಕ್ತದ ಸಕ್ಕರೆಯನ್ನು ಒಂದು ವಾರ ಬಿಡದೆ ಅಳೆದು, ಒಂದೇ ತಿಂಡಿ ಒಬ್ಬರಲ್ಲಿ ಸಕ್ಕರೆ ಏರಿಸುತ್ತದೆ, ಇನ್ನೊಬ್ಬರಲ್ಲಿ ಏರಿಸುವುದಿಲ್ಲ ಅಂತ ತೋರಿಸಿದರು. ಯಂತ್ರಕ್ಕೆ ತರಬೇತಿ ಕೊಟ್ಟು ಯಾರಿಗೆ ಯಾವುದು ಆಗದು ಅಂತ ಮುಂಚೆಯೇ ಊಹಿಸಿದರು. ಸರಿ. ಆದರೆ ಈ ವಿಜ್ಞಾನವನ್ನು ಹಾಗೇ ಆ್ಯಪ್‌ಗೆ ಇಳಿಸಿದರೆ ಏನಾಗುತ್ತದೆ? ಮನೆಯಲ್ಲಿ ಐದು ಜನ, ಐದು ಫೋನು, ಐದು ಪಟ್ಟಿ. ಮಾವನಿಗೆ ಸಕ್ಕರೆ, ಅತ್ತೆಗೆ ಬಿಪಿ, ಸೊಸೆ ಬಸುರಿ, ಮಗ ಪೊಲೀಸ್ ಭರ್ತಿಗೆ ಓಡುತ್ತಿದ್ದಾನೆ, ಸಣ್ಣವನು ಶಾಲೆಗೆ ಹೋಗುತ್ತಾನೆ. ಐದು ಪಟ್ಟಿಯನ್ನೂ ಬೇಯಿಸುವವಳು ಒಬ್ಬಳೇ. ಆಕೆಯ ಕೆಲಸ ಐದರಷ್ಟು ಮಾಡುವ ಯಂತ್ರವನ್ನು ಬುದ್ಧಿವಂತ ಯಂತ್ರ ಅನ್ನಲು ನನ್ನಿಂದಾಗದು.

‘ಹಂಗಾದ್ರೆ ಏನು ಮಾಡೋದು ಮಾವ?’ ಅಂದಳು. ಉತ್ತರ ಕೊಟ್ಟವಳು ನಮ್ಮ ಅಕ್ಕ. ರಾಗಿಹಿಟ್ಟು ಹಾಕಿದ ನೀರು ಕುದಿಯುತ್ತಿತ್ತು, ಮುದ್ದೆ ಕೋಲು ಕೈಯಲ್ಲಿತ್ತು. ‘ಒಂದೇ ಸಾರು ಮಾಡ್ತೀನಿ ಕಣೆ. ಉಪ್ಪು ಪೂರ್ತಿ ಹಾಕೋಕೆ ಮುಂಚೆ ಒಂದು ಬಟ್ಟಲು ನಿಮ್ಮಜ್ಜಿಗೆ ತೆಗೆದಿಡ್ತೀನಿ. ನಿಮ್ಮಪ್ಪಂಗೆ ಸಣ್ಣ ಮುದ್ದೆ, ಕಾಳು ಜಾಸ್ತಿ. ಹುಡುಗ್ರಿಗೆ ಮೇಲೊಂದಿಷ್ಟು ತುಪ್ಪ. ಓಡೋ ಹುಡುಗ ಇದ್ರೆ ಎರಡು ಮುದ್ದೆ, ಒಂದು ಮೊಟ್ಟೆ. ಬಸುರಿ ಹೆಣ್ಣುಮಗಳಿಗೆ ಸಂಜೆ ಶೇಂಗಾ, ಬೆಲ್ಲ. ಇನ್ನೇನು?’ ಅಂದಳು. ಅಕ್ಕನ ಮಗಳು ಫೋನು ತೆಗೆದು ಬರೆದುಕೊಂಡಳು. ಅವಳು ತಿಂಗಳುಗಟ್ಟಲೆ ಹುಡುಕುತ್ತಿದ್ದ ವಿನ್ಯಾಸ ಅದು. ಅಡುಗೆ ಮನೆಗೆ ಒಂದು, ಬಡಿಸುವುದು ಒಬ್ಬೊಬ್ಬರಿಗೆ ಒಂದೊಂದು. ಯಂತ್ರ ಮೊದಲು ಇಡೀ ಮನೆಗೆ ಹೊಂದುವ ಒಂದು ಸಾರನ್ನು ಆರಿಸಬೇಕು. ಆಮೇಲೆ ಯಾರಿಗೆ ಎಷ್ಟು, ಯಾವುದನ್ನು ಯಾವ ಹಂತದಲ್ಲಿ ತೆಗೆದಿಡಬೇಕು, ಮೇಲೆ ಏನು ಸೇರಿಸಬೇಕು ಅಂತ ಹೇಳಬೇಕು. ಗಣಿತದ ಕಣ್ಣಿನಲ್ಲಿ ಇದು ಸ್ಟಿಗ್ಲರ್ ಅವರ ಪ್ರಶ್ನೆಗಿಂತ ಕಠಿಣ. ಒಬ್ಬನ ಲೆಕ್ಕದ ಬದಲು ಐವರ ಲೆಕ್ಕ ಒಟ್ಟಿಗೆ ಬಿಡಿಸಬೇಕು. ಅದರಲ್ಲಿ ಬೇಯಿಸುವವಳ ಸಮಯವೂ ಒಂದು ಮಿತಿಯಾಗಿ ಕೂತಿರಬೇಕು. ಹೊಲದಿಂದ ಆರು ಗಂಟೆಗೆ ಬರುವ ಹೆಂಗಸಿಗೆ ಮುಕ್ಕಾಲು ಗಂಟೆಯಲ್ಲಿ ಆಗದ ಅಡುಗೆಯನ್ನು ಪಟ್ಟಿಯಲ್ಲಿ ತೋರಿಸಲೇಬಾರದು.

ಅದೇ ಆ್ಯಪ್ ಇನ್ನೊಂದು ಕೆಲಸವನ್ನೂ ಮಾಡಬಹುದು. ‘ಬೇಯಿಸಿದವರು ಉಂಡರಾ?’ ಅಂತ ಕೇಳಬಹುದು. ಐವರ ಪಾಲು ಹೇಳುವಾಗ ಆಕೆಯ ಪಾಲನ್ನು ಮೊದಲ ಸಾಲಿನಲ್ಲಿ ಇಡಬಹುದು. ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣಾಂಶ ಬೇಕಾಗಿರುವುದು ಹೆಂಗಸಿಗೆ, ಗಂಡಸಿಗೆ 19 ಸಾಕು. ಪಲ್ಯ ಮುಗಿಯುವ ಮೊದಲೇ ಆಕೆಯ ಬಟ್ಟಲು ತುಂಬಿರಲಿ ಅಂತ ಯಂತ್ರ ಹೇಳಿದರೆ ಗಂಡಸರು ಕೇಳುತ್ತಾರೋ ಇಲ್ಲವೋ, ಮಕ್ಕಳಂತೂ ಕೇಳಿಸಿಕೊಂಡು ಬೆಳೆಯುತ್ತಾರೆ.

ಊರಿನ ಕ್ಯಾಲೆಂಡರೂ ಅದರೊಳಗೆ ಇರಬೇಕು. ಶ್ರಾವಣದಲ್ಲಿ ಮಾಂಸ ಇಲ್ಲದ ಮನೆ, ಸೋಮವಾರ ಒಪ್ಪೊತ್ತು ಉಣ್ಣುವ ಮನೆ, ರಂಜಾನಿನಲ್ಲಿ ಸೂರ್ಯ ಮುಳುಗಿದ ಮೇಲೆ ಉಣ್ಣುವ ಮನೆ, ಹಿರಿಯೂರು ತೇರುಮಲ್ಲೇಶ್ವರನ ಜಾತ್ರೆಗೆ ಹೋಗಿ ಮಂಡಕ್ಕಿ ಮೆಣಸಿನಕಾಯಿ ತಿಂದು ಬರುವ ಮನೆ. ಜಾತ್ರೆಯ ದಿನ ಯಂತ್ರ ಯಾರನ್ನೂ ಬೈಯಬಾರದು. ಊಟದಲ್ಲಿ ಸಂತೋಷವೂ ಒಂದು ಪೋಷಕಾಂಶ ಅಂತ ನನ್ನ ದೃಢ ನಂಬಿಕೆ. ಸಕ್ಕರೆ ಕಾಯಿಲೆಯವನಿಗೆ ಹೋಳಿಗೆ ದಿನ ‘ತಿನ್ನಬೇಡ’ ಅನ್ನುವುದಕ್ಕಿಂತ ‘ಅರ್ಧ ತಿನ್ನಿ, ಅನ್ನ ಬಿಡಿ, ಸಂಜೆ ಕೆರೆ ಏರಿವರೆಗೆ ನಡೆದು ಬನ್ನಿ’ ಅನ್ನುವ ಸಲಹೆ ಬಾಳುತ್ತದೆ.

ಎಚ್ಚರದ ಮಾತುಗಳೂ ಇವೆ. ಎಐ ತಿಳಿಯದ್ದನ್ನೂ ತಿಳಿದಂತೆ ನಿರರ್ಗಳವಾಗಿ ಹೇಳಬಲ್ಲದು. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಕಾಳು, ಸೊಪ್ಪು, ಎಳನೀರು ಎಲ್ಲಕ್ಕೂ ಮಿತಿ ಇದೆ. ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಇಳಿಸಿದರೆ ಅಪಾಯವಾಗಬಹುದು. ಅಂಥ ಕಡೆ ಆ್ಯಪ್ ಬಾಯಿ ಮುಚ್ಚಿ, ‘ಡಾಕ್ಟರ ಹತ್ತಿರ ಹೋಗಿ’ ಅನ್ನಬೇಕು. ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ, ಅದರ ಹೊಸ್ತಿಲಲ್ಲಿ ಇರುವವರು 13.6 ಕೋಟಿ ಅಂತ 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಅಂದಾಜಿಸಿದೆ. ಇಷ್ಟು ಜನರ ನಂಬಿಕೆಯ ಜೊತೆ ಆಟ ಆಡುವಂತಿಲ್ಲ. ಯಾರಿಗೆ ಯಾವ ಕಾಯಿಲೆ, ಯಾವ ಸೊಸೆ ಬಸುರಿ ಅನ್ನುವ ಮಾಹಿತಿ ಮನೆಯ ಗುಟ್ಟು. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂದಿದೆ. ಕಾಯ್ದೆ ಇರಲಿ ಬಿಡಲಿ, ಆ ಗುಟ್ಟನ್ನು ಮಾರುವವರು ಮನೆಯೊಳಗೆ ಬರಲು ಯೋಗ್ಯರಲ್ಲ.

ಈ ಕೆಲಸಕ್ಕೆ ಬೇಕಾದ ಜನ ನಮ್ಮ ಸುತ್ತಲೇ ಇದ್ದಾರೆ. ಯಾವ ಮನೆಯಲ್ಲಿ ಏನು ಬೇಯುತ್ತದೆ ಅಂತ ಬಲ್ಲ ಅಂಗನವಾಡಿ ಕಾರ್ಯಕರ್ತೆಯರಿದ್ದಾರೆ. 2021ರಿಂದ ಅವರು ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮಕ್ಕಳ ತೂಕ, ಎತ್ತರ ದಾಖಲಿಸುತ್ತಿದ್ದಾರೆ, ಫೋನು ಅವರ ಕೈಗೆ ಹೊಸದಲ್ಲ. ಬೆಳೆ, ಮಣ್ಣು ಬಲ್ಲ ಕೃಷಿ ವಿಜ್ಞಾನಿಗಳು ಹಿರಿಯೂರಿನ ಬಬ್ಬೂರು ಫಾರಂನಲ್ಲಿದ್ದಾರೆ. ಸೊಪ್ಪಿನ ಹೆಸರು ಬಲ್ಲ ಅಜ್ಜಿಯರು ಪ್ರತಿ ಹಟ್ಟಿಯಲ್ಲಿದ್ದಾರೆ. ಅವರು ಹೋದ ಮೇಲೆ ಬೆರಕೆ ಸೊಪ್ಪನ್ನು ಗುರುತಿಸುವವರು ಸಿಗುವುದಿಲ್ಲ, ಆದ್ದರಿಂದ ಕೆಲಸ ತಡವಾಗಬಾರದು.

ಆ್ಯಪ್ ಕಟ್ಟುವ ಮಕ್ಕಳಿಗೆ ನನ್ನ ವಿನಂತಿ ಇಷ್ಟು. ಕೋಡು ಬರೆಯುವ ಮೊದಲು ಒಂದು ವಾರ ನಿಮ್ಮ ಊರಿನ ಅಡುಗೆಮನೆಯಲ್ಲಿ ಕೂತುಕೊಳ್ಳಿ. ಸೊಪ್ಪು ಬಿಡಿಸಿ, ಕಾಳು ಆರಿಸಿ, ಬೇಯಿಸುವವರು ಯಾಕೆ ಹಾಗೆ ಮಾಡುತ್ತಾರೆ ಅಂತ ಕೇಳಿ ಬರೆದುಕೊಳ್ಳಿ. ಒಬ್ಬರ ಆರೋಗ್ಯಕ್ಕಾಗಿ ಇನ್ನೊಬ್ಬರ ಬೆನ್ನು ಮುರಿಯದ ಹಾಗೆ ನಿಮ್ಮ ಯಂತ್ರವನ್ನು ರೂಪಿಸಿ. ಓದುಗರಿಗೂ ಒಂದು ಮಾತು. ಆ ಆ್ಯಪ್ ಬರುವವರೆಗೆ ಕಾಯಬೇಕಾಗಿಲ್ಲ. ಇವತ್ತು ರಾತ್ರಿಯೇ ಮುದ್ದೆ ಕೊಂಚ ಸಣ್ಣದಾಗಲಿ, ಕಾಳು ಸೊಪ್ಪು ಹೆಚ್ಚಾಗಲಿ, ಬೇಯಿಸಿದವರಿಗೆ ಮೊದಲು ಬಡಿಸಿ.